ಸುಳಿಗಳ ಬೆನ್ನು ಹತ್ತಿ ಎರಡು ವರ್ಷ: ಪೈಟಿಡಿಜಿಎಲ್ ಬಳಸಿದವನ ಮಾತು

ಅತಿವಾಹಕದ, ಅಂದರೆ ವಿದ್ಯುತ್ತಿಗೆ ತಡೆಯೊಡ್ಡದ ವಸ್ತುವಿನ, ತೆಳುಪದರದ ಮೇಲೆ ಕಾಂತಕ್ಷೇತ್ರವನ್ನು ಏರಿಸಿ ಇಳಿಸಿದಾಗ ಒಳಗಿನ ಸುಳಿಗಳು (ಕ್ಷೇತ್ರ ಒಳತೂರುವ ಜಾಗದ ಸುತ್ತ ಸುತ್ತುವ ಪುಟ್ಟ ಪ್ರವಾಹಗಳು) ಏನು ಮಾಡುತ್ತವೆ ಎಂದು ನೋಡಲು ಎರಡು ವರ್ಷಗಳಿಂದ ಪೈಟಿಡಿಜಿಎಲ್ ಬಳಸುತ್ತಿದ್ದೇನೆ. ಸ್ಟ್ಯಾನ್‌ಫರ್ಡ್‌ನಲ್ಲಿ ಲೋಗನ್ ಬಿಷಪ್-ವ್ಯಾನ್ ಹಾರ್ನ್ ಬರೆದ ಪೈಥಾನ್ ತಂತ್ರಾಂಶ ಇದು. ಹಣ ಕೊಡಬೇಕಿಲ್ಲ, ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಗಿನ್ಸ್‌ಬರ್ಗ್ ಮತ್ತು ಲ್ಯಾಂಡೌ 1950ರಲ್ಲಿ ಕೊಟ್ಟ ಅತಿವಾಹಕತೆಯ ಸಿದ್ಧಾಂತಕ್ಕೆ ಕಾಲವನ್ನೂ ಸೇರಿಸಿದ ಸಮೀಕರಣಗಳನ್ನು ಎರಡು ಆಯಾಮಗಳಲ್ಲಿ ಬಿಡಿಸುತ್ತದೆ.

ಅನುಸ್ಥಾಪನೆಗೆ ಒಂದು ಸಾಲಿನ ಆಜ್ಞೆ ಸಾಕು. ಪದರದ ಆಕಾರ, ದಪ್ಪ ಮತ್ತು ಎರಡು ಉದ್ದಗಳನ್ನು (ಕೊಹೆರೆನ್ಸ್ ಉದ್ದ, ಮತ್ತು ಕ್ಷೇತ್ರ ಎಷ್ಟು ಒಳಗೆ ಇಳಿಯುತ್ತದೆ ಎಂದು ಹೇಳುವ ಲಂಡನ್ ಆಳ) ಕೊಟ್ಟರೆ ಲೆಕ್ಕ ಮಾಡಲು ಬೇಕಾದ ತ್ರಿಕೋನಗಳ ಬಲೆಯನ್ನು ಅದೇ ಹೆಣೆದುಕೊಳ್ಳುತ್ತದೆ. ಮೊದಲ ಸಂಜೆಯೇ ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಅಂಚಿನಿಂದ ಒಂದೊಂದೇ ಸುಳಿ ಜಾರಿ ಒಳಬಂದು, ಒಂದನ್ನೊಂದು ತಳ್ಳಿ, ಕೊನೆಗೆ ತಮ್ಮ ತಮ್ಮ ಜಾಗ ಹಿಡಿದು ಕೂತವು. 1957ರಲ್ಲಿ ಭೌತವಿಜ್ಞಾನಿ ಅಬ್ರಿಕೊಸೊವ್ ಕಾಗದದ ಮೇಲೆ ಲೆಕ್ಕ ಹಾಕಿ ಕಂಡ ಸುಳಿಗಳ ಜೋಡಣೆ ನನ್ನ ಪರದೆಯ ಮೇಲೆ ನಡೆಯುತ್ತಿತ್ತು. ಆ ಸಂಜೆಯ ಹಿಗ್ಗಿಗೇ ಐದು ನಕ್ಷತ್ರ ಕೊಟ್ಟುಬಿಡುತ್ತಿದ್ದೆ. ಕೊಡದೆ ಕಾದದ್ದು ಒಳ್ಳೆಯದಾಯಿತು.

ಏಕೆಂದರೆ ಮೂರನೆಯ ತಿಂಗಳಲ್ಲಿ ನಾನೇ ತೋಡಿದ ಗುಂಡಿಗೆ ಬಿದ್ದೆ. ನಾಲ್ಕು ಮೈಕ್ರಾನ್ ಬದಿಯ ಚೌಕ. ಸುಳಿಯ ತಿರುಳಿನ ಅಳತೆ ಹೇಳುವ ಕೊಹೆರೆನ್ಸ್ ಉದ್ದ 0.1 ಮೈಕ್ರಾನ್. ಕ್ಷೇತ್ರವನ್ನು 5 ಮಿಲಿಟೆಸ್ಲಾಗೆ ಏರಿಸಿ ಸೊನ್ನೆಗೆ ಇಳಿಸಿದರೆ ಏಳೆಂಟು ಸುಳಿಗಳು ಹೊರಡಲೇ ಇಲ್ಲ. ಪದರದಲ್ಲಿ ಕಲೆಯಿಲ್ಲ, ರಂಧ್ರವಿಲ್ಲ, ಆದರೂ ಸುಳಿ ಸಿಕ್ಕಿಕೊಂಡಿದೆ! ಹೊಸದೇನೋ ಸಿಕ್ಕಿತು ಎಂದು ಚಿತ್ರಗಳನ್ನು ಮಾರ್ಗದರ್ಶಕರ ಮುಂದಿಟ್ಟೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಬಲೆಯ ಕಣ್ಣು ಎಷ್ಟು ದೊಡ್ಡದಪ್ಪಾ?" ಸಮಯ ಉಳಿಸಲೆಂದು ತ್ರಿಕೋನದ ಬದಿಯನ್ನು 0.2 ಮೈಕ್ರಾನ್ ಇಟ್ಟಿದ್ದೆ, ಅಂದರೆ ತಿರುಳಿಗಿಂತ ಬಲೆಯ ಕಣ್ಣೇ ದೊಡ್ಡದು. 0.05ಕ್ಕೆ ಇಳಿಸಿದೆ, ಬಿಂದುಗಳು ಏಳು ಸಾವಿರ ದಾಟಿದವು, ಸುಳಿಗಳೆಲ್ಲ ಶಿಸ್ತಾಗಿ ಹೊರನಡೆದವು. ಅವುಗಳನ್ನು ಹಿಡಿದಿಟ್ಟದ್ದು ಅತಿವಾಹಕವಲ್ಲ, ನನ್ನ ಸೋಮಾರಿತನ. ಬಲೆ ಚಿಕ್ಕದಿರಬೇಕು ಎಂದು ಕೈಪಿಡಿಯಲ್ಲಿ ಬರೆದೇ ಇದೆ. ಕೈಪಿಡಿ ಓದುವವರು ಯಾರು?

ಬದಲಾಗುವ ಕ್ಷೇತ್ರದ ವಿಷಯಕ್ಕೆ ಬಂದರೆ ದಾರಿ ಎರಡು. ಕ್ಷೇತ್ರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಪ್ರತಿ ಮೆಟ್ಟಿಲಿಗೂ ಹಿಂದಿನ ಉತ್ತರವನ್ನೇ ಆರಂಭವಾಗಿ ಕೊಡಬಹುದು. ಇಲ್ಲವೇ ಕಾಲದೊಂದಿಗೆ ಏರುವ ಕ್ಷೇತ್ರವನ್ನೇ ನೇರವಾಗಿ ಹೇಳಬಹುದು. ಎರಡನೆಯದು ನೋಡಲು ಚಂದ, ಆದರೆ ಮೋಸ ಹೋಗುವುದು ಅಲ್ಲಿಯೇ. ಇಲ್ಲಿನ ಕಾಲದ ಮಾನ ವಸ್ತುವಿನ ವಾಹಕತೆ ಮತ್ತು ಲಂಡನ್ ಆಳದಿಂದ ಬರುತ್ತದೆ. ನನ್ನ ಪದರದಲ್ಲಿ ಅದು ಪಿಕೋಸೆಕೆಂಡಿಗಿಂತ ಕಡಿಮೆ. "ನಿಧಾನವಾಗಿ" ಎಂದುಕೊಂಡು ಸಾವಿರ ಮಾನಗಳಲ್ಲಿ ಕ್ಷೇತ್ರ ಏರಿಸಿದರೂ ಅದು ಒಂದು ನ್ಯಾನೋಸೆಕೆಂಡ್ ಮುಟ್ಟುವುದಿಲ್ಲ. ಪ್ರಯೋಗಾಲಯದ ಅಯಸ್ಕಾಂತ ಒಂದು ಮಿಲಿಟೆಸ್ಲಾ ಏರಲು ಸೆಕೆಂಡುಗಳನ್ನೇ ತೆಗೆದುಕೊಳ್ಳುತ್ತದೆ. ಹೀಗಾಗಿ ವೇಗವಾಗಿ ಏರಿಸಿದಾಗ ಸುಳಿಗಳು ಹಿಂದೆ ಬಿದ್ದು, ಏರುವಾಗ ಒಂದು ಎಣಿಕೆ, ಇಳಿಯುವಾಗ ಇನ್ನೊಂದು ಬರುತ್ತದೆ. ಆ ಅಂತರದಲ್ಲಿ ವಸ್ತುವಿನದೆಷ್ಟು, ನನ್ನ ಆತುರದ್ದೆಷ್ಟು? ಏರಿಕೆಯ ಅವಧಿಯನ್ನು ದುಪ್ಪಟ್ಟು ಮಾಡಿ ಓಡಿಸುತ್ತೇನೆ. ಎಣಿಕೆ ಕದಲಿದರೆ ಮತ್ತೆ ದುಪ್ಪಟ್ಟು. ಏನೂ ನಡೆಯದಿದ್ದಾಗ ಕಾಲದ ಹೆಜ್ಜೆಯನ್ನು ತಂತ್ರಾಂಶವೇ ಹಿಗ್ಗಿಸಿಕೊಳ್ಳುವುದರಿಂದ ಮೆಟ್ಟಿಲಿನ ದಾರಿಯಲ್ಲಿ ಈ ತಾಳ್ಮೆಗೆ ತೆರುವ ಬೆಲೆ ಕಡಿಮೆ. ಈಗ ಹೆಚ್ಚಾಗಿ ಅದನ್ನೇ ಹಿಡಿಯುತ್ತೇನೆ.

ಸುಳಿಯ ಎಣಿಕೆಯ ಮೇಲೆ ಒಂದು ಅಂಕೆ ಇಟ್ಟುಕೊಳ್ಳುವುದು ಸುಲಭ. ಒಂದು ಸುಳಿ ಹೊರುವ ಕಾಂತ ಹರಿವು ಒಂದು ಫ್ಲಕ್ಸ್ ಕ್ವಾಂಟಮ್, ಅಂದರೆ ಒಂದು ಚದರ ಮೈಕ್ರಾನಿಗೆ 2.07 ಮಿಲಿಟೆಸ್ಲಾ. ನನ್ನ ಚೌಕಕ್ಕೆ 5 ಮಿಲಿಟೆಸ್ಲಾದಲ್ಲಿ ಸುಮಾರು 39 ಬರುತ್ತದೆ. ಅಂಚಿನ ತಡೆಯಿಂದಾಗಿ ಏರುವಾಗ ಅದಕ್ಕಿಂತ ಕಡಿಮೆ ಸುಳಿಗಳು ಕಂಡರೆ ಸರಿ. ಹೆಚ್ಚು ಕಂಡರೆ ಮಾನಗಳನ್ನು ಎಲ್ಲೋ ತಪ್ಪಾಗಿ ಬರೆದಿದ್ದೇನೆ.

ಇದರ ಮಿತಿಗಳನ್ನೂ ಹೇಳಬೇಕು. ದಪ್ಪ ತುಂಡುಗಳಿಗೆ ಇದು ಆಗದು. ಪದರದ ಸ್ವಂತ ಪ್ರವಾಹ ಹುಟ್ಟಿಸುವ ಕ್ಷೇತ್ರವನ್ನು ತಾನಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಆಯ್ಕೆಯನ್ನು ನಾವೇ ಒತ್ತಬೇಕು. ಒತ್ತಿದರೆ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಅಂಥ ಲೆಕ್ಕಗಳನ್ನು ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಕ್ಕೆ ಸಾಗಿಸುತ್ತೇನೆ. ಇನ್ನೊಂದು: ನಾನು ಕೊಡುವ ಚೌಕದ ಅಂಚು ಗೆರೆ ಎಳೆದಷ್ಟು ನೇರ, ಉಷ್ಣದ ಅಲುಗಾಟವೂ ಅದರಲ್ಲಿಲ್ಲ. ನಿಜದ ಪದರದ ಅಂಚು ಮೊಂಡಾದ ಗರಗಸದಂತಿರುತ್ತದೆ. ಮೊದಲ ಸುಳಿ ಪರದೆಯ ಮೇಲೆ ತಡವಾಗಿ ಬಂದರೆ ಅಚ್ಚರಿಯಿಲ್ಲ. ಅಂಚಿಗೆ ಸಣ್ಣ ಕಚ್ಚೊಂದನ್ನು ಹಾಕಿ ನೋಡಿ, ಬಾಗಿಲು ಸಿಕ್ಕಿದಂತೆ ಅಲ್ಲಿಂದಲೇ ನುಗ್ಗುತ್ತವೆ.

ನಾಲ್ಕು ನಕ್ಷತ್ರ. ತೆಳುಪದರ, ಸಣ್ಣ ಸಾಧನಗಳ ಮೇಲೆ ಕೆಲಸ ಮಾಡುವ ಎಂ.ಎಸ್ಸಿ. ವಿದ್ಯಾರ್ಥಿಗೂ ಇದನ್ನು ಧೈರ್ಯವಾಗಿ ಕೊಡುತ್ತೇನೆ, ಪೈಥಾನ್ ಅಷ್ಟಿಷ್ಟು ಬಂದರೆ ಸಾಕು. ಈ ವಾರ ಕ್ಷೇತ್ರವನ್ನು ಸೊನ್ನೆಯಿಂದ ಕೆಳಕ್ಕೆ, ವಿರುದ್ಧ ದಿಕ್ಕಿಗೆ ತಿರುಗಿಸುತ್ತಿದ್ದೇನೆ. ಈ ಸಲ ಪದರದ ನಡುವೆ ನಾನೇ ಒಂದು ರಂಧ್ರ ಕೊರೆದಿದ್ದೇನೆ. ಅದರಲ್ಲಿ ಉಳಿದುಕೊಂಡ ಸುಳಿಗಳತ್ತ ಅಂಚಿನಿಂದ ಎದುರು ದಿಕ್ಕಿಗೆ ಸುತ್ತುವ ಸುಳಿಗಳು ಓಡಿಬಂದು, ಎರಡೂ ಒಟ್ಟಿಗೆ ಮಾಯವಾಗುತ್ತವೆ. ಬಲೆಯ ಕಣ್ಣನ್ನು ಈ ಬಾರಿ ಮೊದಲೇ ನೋಡಿದ್ದೇನೆ.