ವಿಂಗೆಟ್ ವಿಮರ್ಶೆ: ಏರಿಸುವುದು ಸಲೀಸು, ಇಳಿಸುವುದು ಪ್ರಯಾಸ

ಬ್ರೌಸರ್, ಎಡಿಟರ್, ಗಿಟ್, ಪೈಥಾನ್, ವಿಡಿಯೊ ಪ್ಲೇಯರ್... ದಿನವೂ ದುಡಿಯುವ ಒಂದು ಕಂಪ್ಯೂಟರಿನಲ್ಲಿ ನಲವತ್ತು ಪ್ರೋಗ್ರಾಂ ಸೇರಿಕೊಳ್ಳಲು ಹೆಚ್ಚು ದಿನ ಬೇಡ. ಪ್ರತಿಯೊಂದೂ ತನಗೆ ತೋಚಿದಾಗ ‘ಹೊಸ ಆವೃತ್ತಿ ಬಂದಿದೆ’ ಎಂದು ಅಡ್ಡ ಬರುತ್ತದೆ. ಈ ಕಾಟ ತಪ್ಪಿಸಲು ಮೈಕ್ರೋಸಾಫ್ಟ್ 2020ರಲ್ಲಿ ತೋರಿಸಿ, 2021ರ ಮೇ ತಿಂಗಳಲ್ಲಿ 1.0 ಎಂದು ಬಿಡುಗಡೆ ಮಾಡಿದ ಸಾಧನ ವಿಂಗೆಟ್. ಆಜ್ಞೆ ಟೈಪ್ ಮಾಡಿ ಪ್ರೋಗ್ರಾಂಗಳನ್ನು ಹಾಕಲು, ಹೊಸ ಆವೃತ್ತಿಗೆ ಏರಿಸಲು, ತೆಗೆಯಲು ಇದು ನೆರವಾಗುತ್ತದೆ. ವಿಂಡೋಸ್ 11ರಲ್ಲಿ ಜೊತೆಗೇ ಬರುತ್ತದೆ. ವಿಂಡೋಸ್ 10 ಆದರೆ ಅದರ 1809 ಆವೃತ್ತಿ ಅಥವಾ ಅದರ ನಂತರದ್ದಿರಬೇಕು. ಸ್ಟೋರ್‌ನಿಂದ ‘ಆ್ಯಪ್ ಇನ್‌ಸ್ಟಾಲರ್’ ಹಾಕಿಕೊಂಡರೆ ಸಾಕು.

ಆಜ್ಞೆ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ವಿಂಗೆಟ್ ಅಪ್‌ಗ್ರೇಡ್’ ಎಂದಷ್ಟೇ ಕೊಟ್ಟರೆ ಯಾವುದು ಹಳತಾಗಿದೆ ಎಂಬ ಪಟ್ಟಿ ಬರುತ್ತದೆ. ಕೊನೆಗೆ ‘--ಆಲ್’ ಸೇರಿಸಿದರೆ ಎಲ್ಲವನ್ನೂ ಸಾಲಾಗಿ ಏರಿಸುತ್ತದೆ. ನೀವು ಕೈಯಾರೆ ಡೌನ್‌ಲೋಡ್ ಮಾಡಿ ಹಾಕಿಕೊಂಡ ಪ್ರೋಗ್ರಾಂಗಳನ್ನೂ ಬಹುಪಾಲು ಗುರುತು ಹಿಡಿಯುತ್ತದೆ. ಇದೇ ಇದರ ಹೆಚ್ಚುಗಾರಿಕೆ. ವಿಂಡೋಸ್‌ನ ಸ್ವಂತ ಅಪ್‌ಡೇಟ್, ಡ್ರೈವರ್ ಇವುಗಳ ಉಸಾಬರಿಗೆ ಹೋಗುವುದಿಲ್ಲ.

‘--ಇನ್‌ಕ್ಲೂಡ್-ಅನ್‌ನೋನ್’ ಎಂಬ ಆಯ್ಕೆಯನ್ನು ಮಾತ್ರ ಅಭ್ಯಾಸ ಮಾಡಿಕೊಳ್ಳಬೇಡಿ. ಕೆಲವು ಪ್ರೋಗ್ರಾಂಗಳು ತಮ್ಮ ಆವೃತ್ತಿ ಸಂಖ್ಯೆಯನ್ನು ವಿಂಡೋಸ್‌ನ ದಾಖಲೆ ಪುಸ್ತಕದಂಥ ರಿಜಿಸ್ಟ್ರಿಯಲ್ಲಿ ಬರೆಯುವುದೇ ಇಲ್ಲ. ಅಂಥವನ್ನು ಈ ಆಯ್ಕೆ ಕೊಟ್ಟಾಗಲೆಲ್ಲ ವಿಂಗೆಟ್ ಮತ್ತೆ ಮೊದಲಿನಿಂದ ಇನ್‌ಸ್ಟಾಲ್ ಮಾಡುತ್ತದೆ, ನಿನ್ನೆಯಷ್ಟೇ ಹೊಸದಾಗಿದ್ದರೂ.

ಹೊಸಬರು ಬೆಚ್ಚುವುದು ಹ್ಯಾಶ್ ಹೊಂದುತ್ತಿಲ್ಲ ಎಂಬ ದೋಷಕ್ಕೆ. ಹ್ಯಾಶ್ ಎಂದರೆ ಕಡತದಿಂದ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಗುರುತು. ಪ್ರತಿ ಪ್ಯಾಕೇಜಿಗೂ ಗಿಟ್‌ಹಬ್ ತಾಣದಲ್ಲಿ ಅದರ ವಿವರ ಬರೆದಿಟ್ಟ ಒಂದು ಮ್ಯಾನಿಫೆಸ್ಟ್ ಕಡತವಿದೆ. ಇನ್‌ಸ್ಟಾಲರ್‌ನ ವಿಳಾಸ ಮತ್ತು ಎಸ್‌ಎಚ್‌ಎ-256 ಹ್ಯಾಶ್ ಅದರಲ್ಲಿರುತ್ತವೆ. ತಯಾರಕರು ಅದೇ ವಿಳಾಸದಲ್ಲಿ ಕಡತವನ್ನು ಬದಲಿಸಿದರೆ ಹ್ಯಾಶ್ ತಾಳೆಯಾಗದು, ವಿಂಗೆಟ್ ಅಲ್ಲಿಗೇ ನಿಲ್ಲಿಸುತ್ತದೆ. ಹೆಚ್ಚಿನ ಸಲ ಮ್ಯಾನಿಫೆಸ್ಟ್ ಹಿಂದೆ ಬಿದ್ದಿರುತ್ತದೆ ಅಷ್ಟೆ. ಒಂದೆರಡು ದಿನ ಬಿಟ್ಟು ‘ವಿಂಗೆಟ್ ಸೋರ್ಸ್ ಅಪ್‌ಡೇಟ್’ ಕೊಟ್ಟು ಮತ್ತೆ ನೋಡಿ. ತಪಾಸಣೆಯನ್ನೇ ದಾಟಿಸುವ ದಾರಿಯೂ ಉಂಟು. ಆದರೆ ಕಡತ ನಿಜಕ್ಕೂ ಕೆಟ್ಟಿದ್ದಾಗ ಹಿಡಿಯಲು ಇರುವ ಕಾವಲನ್ನೇ ಮನೆಗೆ ಕಳಿಸಿದ ಹಾಗಾಗುತ್ತದೆ.

ಸಾಮಾನ್ಯ ಟರ್ಮಿನಲ್‌ನಲ್ಲಿ ನಡೆಸಿದರೆ ಇಡೀ ಕಂಪ್ಯೂಟರಿಗೆ ಸೇರುವ ಒಂದೊಂದು ಪ್ರೋಗ್ರಾಂಗೂ ಅನುಮತಿ ಕೇಳುವ ಕಿಟಕಿ ಬರುತ್ತದೆ. ಅಡ್ಮಿನ್ ಟರ್ಮಿನಲ್ ತೆರೆದರೆ ಆ ಕಿರಿಕಿರಿ ತಪ್ಪುತ್ತದೆ, ಆದರೆ ಬಳಕೆದಾರರ ಖಾತೆಗಷ್ಟೇ ಸೇರುವ ಕೆಲವು ಇನ್‌ಸ್ಟಾಲರ್‌ಗಳು ಅಡ್ಮಿನ್ ಆಗಿ ಓಡಲು ಒಪ್ಪುವುದಿಲ್ಲ. ಅಡ್ಮಿನ್‌ನಲ್ಲಿ ಒಮ್ಮೆ, ಸಾಮಾನ್ಯದಲ್ಲಿ ಒಮ್ಮೆ ಓಡಿಸುವುದೇ ಸರಳ. ಮೊದಲು ಬ್ರೌಸರ್, ಎಡಿಟರ್ ಎಲ್ಲ ಮುಚ್ಚಿರಿ. ಬಳಕೆಯಲ್ಲಿರುವ ಕಡತವನ್ನು ಬದಲಿಸಲಾಗದೆ ಇನ್‌ಸ್ಟಾಲರ್ ಸೋಲುತ್ತದೆ, ಇಲ್ಲವೇ ಹೇಳದೆ ಕೇಳದೆ ನಿಮ್ಮ ಪ್ರೋಗ್ರಾಂ ಮುಚ್ಚುತ್ತದೆ. ಹೊಸದಾಗಿ ಹಾಕಿದ ಆಜ್ಞೆ ಸಿಗುತ್ತಿಲ್ಲ ಎಂದರೆ ಗಾಬರಿ ಬೇಡ, ಟರ್ಮಿನಲ್ ಮುಚ್ಚಿ ತೆರೆಯಿರಿ. ಆಜ್ಞೆಗಳನ್ನು ಎಲ್ಲೆಲ್ಲಿ ಹುಡುಕಬೇಕು ಎಂಬ ಫೋಲ್ಡರ್ ಪಟ್ಟಿ, ಅಂದರೆ ‘ಪಾತ್’, ಆಮೇಲಷ್ಟೇ ಹೊಸದಾಗುತ್ತದೆ.

ದೊಡ್ಡ ಕೊರತೆ ಬೇರೆಯೇ ಇದೆ. ಹೊಸ ಆವೃತ್ತಿ ಕೈಕೊಟ್ಟರೆ ಹಿಂದಿನದಕ್ಕೆ ಮರಳುವ ಗುಂಡಿ ಇಲ್ಲ. ಇದ್ದದ್ದನ್ನು ತೆಗೆದು, ‘ವಿಂಗೆಟ್ ಇನ್‌ಸ್ಟಾಲ್ --ಐಡಿ’ ಜೊತೆಗೆ ‘--ವರ್ಷನ್’ ಕೊಟ್ಟು ಹಳೆಯದನ್ನು ಕೇಳಬೇಕು. ತಯಾರಕರು ಆ ಕಡತವನ್ನು ತಮ್ಮ ತಾಣದಿಂದ ತೆಗೆದಿದ್ದರೆ ಅದೂ ಇಲ್ಲ. ಹಾಗಾಗಿ ಡೇಟಾಬೇಸ್, ಪ್ರೋಗ್ರಾಮಿಂಗ್ ಭಾಷೆ, ವರ್ಚುವಲ್ ಮೆಷಿನ್‌ನಂಥ, ಕೆಟ್ಟರೆ ಕೆಲಸವೇ ನಿಲ್ಲುವ ಪ್ರೋಗ್ರಾಂಗಳಿಗೆ ಮೊದಲೇ ‘ವಿಂಗೆಟ್ ಪಿನ್ ಆ್ಯಡ್’ ಹಾಕಿ, ಅಂದರೆ ತಾನಾಗಿ ಏರಿಸದಂತೆ ತಡೆಯಿರಿ. ಬರೀ ಪಿನ್ ಆದರೆ ‘--ಆಲ್’ ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ನೀವಾಗಿ ಹೆಸರು ಹೇಳಿದರೆ ಮಾತ್ರ ಏರಿಸುತ್ತದೆ. ‘--ಬ್ಲಾಕಿಂಗ್’ ಸೇರಿಸಿದರೆ ಹೆಸರು ಹೇಳಿದರೂ ಮುಟ್ಟದು. ‘--ವರ್ಷನ್ 16.*’ ಎಂದು ಕೊಟ್ಟರೆ 16ರ ಒಳಗಿನ ತಿದ್ದುಪಡಿ ಬರುತ್ತದೆ, 17 ಬರುವುದಿಲ್ಲ. ಡೇಟಾಬೇಸಿಗೆ ಈ ಮೂರನೆಯದೇ ಸೂಕ್ತ. ಒಂದು ಎಚ್ಚರ: ಪಿನ್ ಕಟ್ಟಿಹಾಕುವುದು ವಿಂಗೆಟ್ಟನ್ನು ಮಾತ್ರ. ತಾನಾಗಿ ಅಪ್‌ಡೇಟ್ ಆಗುವ ಬ್ರೌಸರ್ ಇದಕ್ಕೆ ಸೊಪ್ಪು ಹಾಕುವುದಿಲ್ಲ.

‘ವಿಂಗೆಟ್ ಎಕ್ಸ್‌ಪೋರ್ಟ್ -ಓ’ ಎಂದು ಕಡತದ ಹೆಸರು ಕೊಟ್ಟರೆ ಪ್ರೋಗ್ರಾಂಗಳ ಪಟ್ಟಿಯನ್ನು ಜೇಸನ್ ಎಂಬ ಮಾದರಿಯ ಪಠ್ಯ ಕಡತವಾಗಿ ಉಳಿಸುತ್ತದೆ. ಹೊಸ ಕಂಪ್ಯೂಟರಿನಲ್ಲಿ ಇಂಪೋರ್ಟ್ ಮಾಡಿಕೊಳ್ಳಬಹುದು. ‘--ಇನ್‌ಕ್ಲೂಡ್-ವರ್ಷನ್ಸ್’ ಕೊಡದಿದ್ದರೆ ಅದರಲ್ಲಿ ಆವೃತ್ತಿ ಸಂಖ್ಯೆ ಇರುವುದಿಲ್ಲ. ಪ್ರೋಗ್ರಾಂಗಳ ಸೆಟ್ಟಿಂಗ್ ಇದರಲ್ಲಿ ಬರುವುದಿಲ್ಲ.

ಹಿಂದಿರುಗುವ ಅನುಕೂಲವೇ ಮುಖ್ಯ ಎನ್ನುವವರಿಗೆ ಇಂಥದ್ದೇ ಇನ್ನೊಂದು ಸಾಧನವಾದ ಸ್ಕೂಪ್ ಮೇಲು. ಅದು ಬಳಕೆದಾರರ ಫೋಲ್ಡರ್‌ನಲ್ಲೇ ಪ್ರತಿ ಆವೃತ್ತಿಯನ್ನೂ ಬೇರೆಬೇರೆ ಇಟ್ಟಿರುತ್ತದೆ. ‘ಸ್ಕೂಪ್ ರೀಸೆಟ್’ ಕೊಟ್ಟು ಹಳೆಯದಕ್ಕೆ ಕ್ಷಣದಲ್ಲಿ ಮರಳಬಹುದು, ‘ಕ್ಲೀನಪ್’ ಓಡಿಸಿ ಅಳಿಸಿಬಿಟ್ಟಿರದಿದ್ದರೆ. ಟರ್ಮಿನಲ್ ಸಾಧನಗಳಿಗೆ ಸ್ಕೂಪ್, ಉಳಿದ ದೊಡ್ಡ ಪ್ರೋಗ್ರಾಂಗಳಿಗೆ ವಿಂಗೆಟ್ ಎಂದು ಹಂಚಿಕೊಳ್ಳಿ. ಒಂದೇ ಪ್ರೋಗ್ರಾಂ ಎರಡರಲ್ಲೂ ಇದ್ದರೆ ‘ಪಾತ್’ನಲ್ಲಿ ಮುಂದಿರುವುದೇ ಓಡುತ್ತದೆ. ಏರಿಸಿದ್ದು ಒಂದನ್ನು, ಓಡುತ್ತಿರುವುದು ಇನ್ನೊಂದು ಎಂಬ ಗೊಂದಲ ಹುಟ್ಟುವುದೇ ಅಲ್ಲಿಂದ, ‘ವೇರ್.ಇಎಕ್ಸ್‌ಇ’ ಮುಂದೆ ಪ್ರೋಗ್ರಾಂ ಹೆಸರು ಬರೆದರೆ ಯಾವುದು ಎಲ್ಲಿದೆ ಎಂದು ತಿಳಿಯುತ್ತದೆ.