ಒಂದೇ ನಕ್ಷೆಯಲ್ಲಿ ಅಂತ್ಯಕಾಲ: ಹತ್ತು ಪಾಠಗಳ ಕೋರ್ಸೊಂದರ ವಿಮರ್ಶೆ

ಬೈಬಲಿನ ಅಂತ್ಯಕಾಲದ ಪ್ರವಾದನೆಗಳಲ್ಲಿ ಇಸ್ರಾಯೇಲಿನ ಸ್ಥಾನವೇನು, ಸಭೆಯ, ಅಂದರೆ ಕ್ರೈಸ್ತ ವಿಶ್ವಾಸಿಗಳ ಸಮುದಾಯದ, ಸ್ಥಾನವೇನು ಎಂಬುದನ್ನು ಕಲಿಸುವ ಹತ್ತು ಪಾಠಗಳ ಆನ್‌ಲೈನ್ ಕೋರ್ಸೊಂದನ್ನು ಈಚೆಗೆ ಮುಗಿಸಿದೆ. ಪ್ರತಿ ಪಾಠಕ್ಕೆ ಸುಮಾರು ಒಂದು ಗಂಟೆಯ ವಿಡಿಯೊ, ಒಂದು ಅಭ್ಯಾಸ ಪುಸ್ತಿಕೆ, ಪ್ರಶ್ನೆಗಳನ್ನು ಬರೆದು ಕಳುಹಿಸುವ ಅನುಕೂಲ, ಜೊತೆಗೆ ಗೋಡೆಗೆ ತೂಗುಹಾಕಬಹುದಾದಷ್ಟು ದೊಡ್ಡದೊಂದು ಕಾಲನಕ್ಷೆ, ಇಷ್ಟು ದೊರೆಯುತ್ತವೆ. ಉಪನ್ಯಾಸಕರ ಮಾತು ಸ್ಪಷ್ಟವಾಗಿದೆ, ಧ್ವನಿಮುದ್ರಣವೂ ಚೆನ್ನಾಗಿದೆ. ಹೆಚ್ಚು ಹೇಳಬೇಕಾಗಿರುವುದು ಆ ಕಾಲನಕ್ಷೆಯ ಬಗ್ಗೆ.

ನಕ್ಷೆಯಲ್ಲಿ ಎರಡು ಬಣ್ಣದ ಪಟ್ಟಿಗಳಿವೆ: ಒಂದು ಇಸ್ರಾಯೇಲಿಗೆ, ಇನ್ನೊಂದು ಸಭೆಗೆ. ಇಸ್ರಾಯೇಲಿನ ಪಟ್ಟಿ ಕ್ರಿಸ್ತನ ಮರಣದ ಹತ್ತಿರ ನಿಂತುಹೋಗುತ್ತದೆ. ಅಲ್ಲಿಂದ ಸಭೆಯ ಪಟ್ಟಿ ಆರಂಭವಾಗಿ, ಸಭೆಯು ಮೇಲಕ್ಕೆ ಎತ್ತಲ್ಪಡುವಲ್ಲಿಗೆ ಮುಗಿಯುತ್ತದೆ. ಆಮೇಲೆ ಏಳು ವರ್ಷಗಳ ಮಹಾಸಂಕಟದೊಂದಿಗೆ ಇಸ್ರಾಯೇಲಿನ ಪಟ್ಟಿ ಮತ್ತೆ ಮುಂದುವರಿಯುತ್ತದೆ. ವಾಕ್ಯವನ್ನು ಇದ್ದಂತೆಯೇ ಓದಿದರೆ ಯಾರಿಗಾದರೂ ಇದೇ ಚಿತ್ರ ಕಾಣುತ್ತದೆ ಎಂದು ಉಪನ್ಯಾಸಕರು ಮೊದಲ ಪಾಠದಲ್ಲೇ ಹೇಳುತ್ತಾರೆ. ನನ್ನ ಮುಖ್ಯ ಆಕ್ಷೇಪ ಇಲ್ಲಿಯೇ ಇದೆ. ಈ ಎರಡು ಪಟ್ಟಿಗಳ ಯೋಜನೆಗೆ ರೂಪ ಕೊಟ್ಟವರು 1830ರ ದಶಕದಲ್ಲಿ ಬೋಧಿಸುತ್ತಿದ್ದ ಜಾನ್ ನೆಲ್ಸನ್ ಡಾರ್ಬಿ. ಅದನ್ನು ಮನೆಮನೆಗೆ ತಲುಪಿಸಿದ್ದು 1909ರಲ್ಲಿ ಪ್ರಕಟವಾದ ಸ್ಕೋಫೀಲ್ಡ್ ಸತ್ಯವೇದದ ಅಡಿಟಿಪ್ಪಣಿಗಳು. ಹತ್ತು ಪಾಠಗಳಲ್ಲಿ ಎಲ್ಲಿಯೂ ಈ ಎರಡು ಹೆಸರುಗಳು ಬರುವುದಿಲ್ಲ. ಒಂದು ವ್ಯಾಖ್ಯಾನ ಈಚಿನದು ಎಂಬ ಕಾರಣಕ್ಕೆ ಅದು ತಪ್ಪಾಗುವುದಿಲ್ಲ, ನಿಜ. ಆದರೆ ಎರಡನೆಯ ಶತಮಾನದ ಕ್ರೈಸ್ತ ಬರಹಗಾರರಾದ ಜಸ್ಟಿನ್ ಮತ್ತು ಐರೇನಿಯಸ್ ಕ್ರಿಸ್ತನ ಸಾವಿರ ವರ್ಷಗಳ ಆಳ್ವಿಕೆಯನ್ನು ಅಕ್ಷರಶಃ ಎದುರುನೋಡುತ್ತಿದ್ದವರು, ಆದರೂ ಅದೇ ಜಸ್ಟಿನ್ ಕ್ರೈಸ್ತರನ್ನೇ ನಿಜವಾದ ಇಸ್ರಾಯೇಲ್ ಎಂದು ಕರೆದಿದ್ದನು, ಮುಂದೆ ಅಗಸ್ಟಿನನು ಆ ಸಾವಿರ ವರ್ಷಗಳನ್ನು ಸಭೆಯ ಈಗಿನ ಕಾಲವೆಂದೇ ಓದಿದನು ಎಂಬುದನ್ನು ವಿದ್ಯಾರ್ಥಿಗೆ ತಿಳಿಸದೆ, ಒಂದು ಪಂಥದ ಓದನ್ನು ವಾಕ್ಯದ ಸಹಜ ಅರ್ಥವೆಂದು ಕೊಡುವುದು ಪ್ರಾಮಾಣಿಕ ಬೋಧನೆಯಲ್ಲ.

ದಾನಿಯೇಲನ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಯೆಹೂದ್ಯ ಜನರಿಗೂ ಯೆರೂಸಲೇಮಿಗೂ ನೇಮಿಸಲಾದ ಎಪ್ಪತ್ತು ವಾರಗಳನ್ನು ಕುರಿತ ಮೂರನೆಯ ಪಾಠವು ಇಡೀ ಕೋರ್ಸಿನಲ್ಲಿ ಅತ್ಯಂತ ಶ್ರಮವಹಿಸಿ ಸಿದ್ಧಪಡಿಸಿದ ಭಾಗ. ವಾರವೊಂದನ್ನು ಏಳು ವರ್ಷಗಳೆಂದು, ವರ್ಷವೊಂದನ್ನು 360 ದಿನಗಳೆಂದು ತೆಗೆದುಕೊಂಡು, ಅರವತ್ತೊಂಬತ್ತು ವಾರಗಳಿಗೆ 1,73,880 ದಿನಗಳು ಹೇಗಾಗುತ್ತವೆ ಎಂದು ಉಪನ್ಯಾಸಕರು ಫಲಕದ ಮೇಲೆ ಬರೆದು ತೋರಿಸುತ್ತಾರೆ. 360 ದಿನಗಳ ವರ್ಷಕ್ಕೆ ಆಧಾರವಾಗಿ ಪ್ರಕಟನೆ ಗ್ರಂಥದ ನಲವತ್ತೆರಡು ತಿಂಗಳು ಮತ್ತು 1,260 ದಿನಗಳ ಸಮೀಕರಣವನ್ನು ಕೊಡುವುದೂ ಸರಿಯಾಗಿಯೇ ಇದೆ. ಆದರೆ ಅರವತ್ತೊಂಬತ್ತನೆಯ ವಾರಕ್ಕೂ ಎಪ್ಪತ್ತನೆಯ ವಾರಕ್ಕೂ ನಡುವೆ ಈಗಾಗಲೇ ಎರಡು ಸಾವಿರ ವರ್ಷಗಳಷ್ಟು ಉದ್ದವಾಗಿರುವ ಬಿಡುವೊಂದನ್ನು ನಕ್ಷೆ ಸೇರಿಸುತ್ತದೆ, ಮತ್ತು ಆ ಬಿಡುವನ್ನು ದಾನಿಯೇಲನ ವಚನಗಳು ನೇರವಾಗಿ ಹೇಳುವುದಿಲ್ಲ. ದಿನದ ಲೆಕ್ಕದಲ್ಲಿ ಅಷ್ಟು ಬಿಗಿಯಾಗಿರುವವರು ಇಲ್ಲಿ ಇಷ್ಟು ಸಡಿಲವಾಗುವುದು ಏಕೆ ಎಂಬ ಪ್ರಶ್ನೆಗೆ ಪಾಠದಲ್ಲಿ ಉತ್ತರವಿಲ್ಲ. ಕ್ರಿ.ಪೂ. 167ರಲ್ಲಿ ದೇವಾಲಯವನ್ನು ಹೊಲೆಮಾಡಿದ ನಾಲ್ಕನೆಯ ಆಂಟಿಯೋಕಸನ ಕಾಲಕ್ಕೆ ಈ ಭಾಗವನ್ನು ಅನ್ವಯಿಸುವವರಿದ್ದಾರೆ. ಕ್ರಿಸ್ತನ ಮರಣ ಮತ್ತು ಕ್ರಿ.ಶ. 70ರ ಯೆರೂಸಲೇಮಿನ ನಾಶದವರೆಗೆ ಬಿಡುವಿಲ್ಲದೆ ಓದುವವರೂ ಇದ್ದಾರೆ. ಇವರೆಲ್ಲರಿಗೂ ಪುಸ್ತಿಕೆಯಲ್ಲಿ ಸಿಕ್ಕಿರುವುದು ಒಂದೇ ಸಾಲು, ಅದೂ "ಪ್ರವಾದನೆಯನ್ನು ನಂಬದವರು" ಎಂಬ ತಲೆಬರಹದ ಕೆಳಗೆ.

ಇಷ್ಟಾದರೂ ಕೋರ್ಸನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ ಒಂಬತ್ತರಿಂದ ಹನ್ನೊಂದರವರೆಗಿನ ಅಧ್ಯಾಯಗಳಿಗೆ ಮೀಸಲಾದ ಆರು ಮತ್ತು ಏಳನೆಯ ಪಾಠಗಳಲ್ಲಿ ಉಪನ್ಯಾಸಕರು ನಕ್ಷೆಯನ್ನು ಪಕ್ಕಕ್ಕಿಟ್ಟು ಪೌಲನ ವಾದವನ್ನು ವಚನ ವಚನವಾಗಿ ಹಿಂಬಾಲಿಸುತ್ತಾರೆ. ರಕ್ಷಣೆ ಹೊಂದುವರೆಂದು ಪೌಲನು ಹೇಳುವ "ಇಸ್ರಾಯೇಲ್ ಜನರೆಲ್ಲರೂ" ಎಂಬುದು ಕಡೇ ದಿನಗಳಲ್ಲಿ ತಿರುಗಿಕೊಳ್ಳುವ ಯೆಹೂದ್ಯ ಜನಾಂಗವೋ, ಎಲ್ಲಾ ಕಾಲಗಳಲ್ಲಿ ನಂಬಿದ ಯೆಹೂದ್ಯರ ಉಳಿದ ಅಂಶವೋ, ಇಲ್ಲವೆ ಕ್ಯಾಲ್ವಿನ್ ತಿಳಿದಂತೆ ಯೆಹೂದ್ಯರೂ ಅನ್ಯಜನರೂ ಸೇರಿದ ದೇವಜನರೋ ಎಂಬ ಮೂರು ಓದುಗಳನ್ನು ನ್ಯಾಯವಾಗಿ ಮಂಡಿಸಿ, ಆಮೇಲೆ ತಮ್ಮ ಆಯ್ಕೆ ಮೊದಲನೆಯದೆಂದು ಹೇಳುತ್ತಾರೆ. ನಾನೂ ಅದನ್ನೇ ಒಪ್ಪುತ್ತೇನೆ, ಏಕೆಂದರೆ ಆ ಮಾತು ಬರುವ ಹನ್ನೊಂದನೆಯ ಅಧ್ಯಾಯದಲ್ಲಿ ಅದಕ್ಕೆ ಮುಂಚೆ ಇಸ್ರಾಯೇಲ್ ಎಂಬ ಹೆಸರು ಬಂದಾಗಲೆಲ್ಲ ಅನ್ಯಜನರಿಂದ ಬೇರೆಯಾದ ಜನಾಂಗವನ್ನೇ ಸೂಚಿಸುತ್ತದೆ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿ ಬರುವ "ದೇವರ ಇಸ್ರಾಯೇಲ್" ಯಾರು ಎಂಬ ಪ್ರಶ್ನೆ "ಮತ್ತು" ಎಂದೂ "ಅಂದರೆ" ಎಂದೂ ಅರ್ಥವಾಗಬಲ್ಲ ಗ್ರೀಕಿನ ಒಂದು ಪುಟ್ಟ ಪದದ ಮೇಲೆ ನಿಂತಿದೆ ಎಂಬುದನ್ನು ಗ್ರೀಕ್ ಬಾರದವರಿಗೂ ತಿಳಿಯುವಂತೆ ವಿವರಿಸಿದ್ದಾರೆ. ತಮಾಷೆಯೆಂದರೆ, ಒಂದೇ ಎಣ್ಣೇಮರಕ್ಕೆ ಕಾಡುಕೊಂಬೆಗಳನ್ನು ಕಸಿಕಟ್ಟುವ ಪೌಲನ ಚಿತ್ರವನ್ನು ಇಷ್ಟು ಸೊಗಸಾಗಿ ವಿವರಿಸಿದ ಮೇಲೆ, ಒಂದೇ ಬೇರಿನ ಆ ಮರ ಎರಡು ಬಣ್ಣದ ಪಟ್ಟಿಗಳಿಗೆ ಹೇಗೆ ಹೊಂದುತ್ತದೆ ಎಂಬುದು ಅವರ ಗಮನಕ್ಕೇ ಬಂದಂತಿಲ್ಲ.

ಒಂಬತ್ತನೆಯ ಪಾಠವನ್ನು ನೋಡದಿದ್ದರೂ ನಷ್ಟವಿಲ್ಲ. ಇಸ್ರಾಯೇಲಿನ ಮೇಲೆ ದಂಡೆತ್ತಿ ಬರುವ ಶತ್ರುವನ್ನು ಕುರಿತ ಯೆಹೆಜ್ಕೇಲನ ಮೂವತ್ತೆಂಟನೆಯ ಅಧ್ಯಾಯದ "ರೋಷ್" ಎಂಬ ಪದವನ್ನು ಉಚ್ಚಾರಣೆಯ ಹೋಲಿಕೆಯಿಂದಲೇ ರಷ್ಯಕ್ಕೆ ಜೋಡಿಸಲಾಗಿದೆ. ಆ ಹೀಬ್ರೂ ಪದಕ್ಕೆ ತಲೆ, ಮುಖ್ಯ ಎಂಬ ಸಾಮಾನ್ಯ ಅರ್ಥವಿದೆ ಎಂಬುದಾಗಲಿ, ಅದರ ಜೊತೆಗೇ ಬರುವ ಮೆಷೆಕ್ ಮತ್ತು ತೂಬಲ್ ಈಗಿನ ಟರ್ಕಿಯ ನೆಲದಲ್ಲಿದ್ದ ಜನರೆಂಬುದಾಗಲಿ ಪ್ರಸ್ತಾಪಕ್ಕೇ ಬರುವುದಿಲ್ಲ. ಯೇಸು ಹೇಳಿದ ಅಂಜೂರದ ಮರದ ಸಾಮ್ಯವನ್ನು 1948ರ ಇಸ್ರಾಯೇಲ್ ರಾಷ್ಟ್ರಸ್ಥಾಪನೆಗೆ ಅನ್ವಯಿಸಿ, ಎಲ್ಲವೂ ನೆರವೇರುವ ತನಕ ಅಳಿದುಹೋಗದೆಂದು ಆತನು ಹೇಳಿದ "ಈ ಸಂತತಿ" ಅಲ್ಲಿಂದ ಎಣಿಕೆಯಾಗುತ್ತದೆ ಎನ್ನುತ್ತಾರೆ. ಸಂತತಿಯೊಂದಕ್ಕೆ ನಲವತ್ತು ವರ್ಷವೆಂದು ಹಿಡಿದು 1988ಕ್ಕೆ ಕಾದು ಕುಳಿತವರಿದ್ದರು. ಆ ವರ್ಷ ಕಳೆದುಹೋದ ಮೇಲೂ ಅದೇ ಎಣಿಕೆಯನ್ನು ಉದ್ದ ಮಾಡುತ್ತಾ ಹೋಗುವವರು ಹಿಂದಿನ ಲೆಕ್ಕ ಎಲ್ಲಿ ತಪ್ಪಿತೆಂದು ಮೊದಲು ಹೇಳಬೇಕಾಗಿತ್ತು.

ಪ್ರಶ್ನೋತ್ತರದ ಸೇವೆ ನಾನು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿದೆ. ಬಿದ್ದುಹೋದ ದಾವೀದನ ಗುಡಾರವನ್ನು ತಿರಿಗಿ ಕಟ್ಟುವೆನೆಂಬ ಪ್ರವಾದಿ ಆಮೋಸನ ಮಾತನ್ನು ಯೆರೂಸಲೇಮಿನ ಸಭೆಯ ಮುಖಂಡನಾದ ಯಾಕೋಬನು ಅಪೊಸ್ತಲರ ಕೃತ್ಯಗಳು ಹದಿನೈದರಲ್ಲಿ ಅನ್ಯಜನರು ಸಭೆಗೆ ಸೇರುತ್ತಿದ್ದುದಕ್ಕೇ ಸಾಕ್ಷಿಯಾಗಿ ಎತ್ತಿಕೊಂಡಿರುವಾಗ, ಇಸ್ರಾಯೇಲಿನ ವಾಗ್ದಾನಗಳಲ್ಲಿ ಸಭೆಗೆ ಪಾಲಿಲ್ಲವೆಂದು ಹೇಗೆ ಹೇಳುತ್ತೀರಿ ಎಂದು ಕೇಳಿದ್ದೆ. ನಾಲ್ಕು ದಿನಗಳಲ್ಲಿ ಒಂದು ಪುಟದ ಉತ್ತರ ಬಂತು. ಆ ವಾಗ್ದಾನದ ನೆರವೇರಿಕೆ ಈಗಾಗಲೇ ಆರಂಭವಾಗಿದೆ, ಪೂರ್ಣವಾಗುವುದು ಮುಂದಿದೆ ಎಂದು ತಮ್ಮದೇ ಪಂಥದ ಕೆಲವರು 1990ರ ದಶಕದಿಂದ ಒಪ್ಪಿಕೊಳ್ಳುತ್ತಿದ್ದಾರೆಂದೂ, ತಾವು ಇನ್ನೂ ಆ ಮಾತಿಗೆ ಬಂದಿಲ್ಲವೆಂದೂ ಉಪನ್ಯಾಸಕರು ಬರೆದಿದ್ದರು. ಈ ಒಂದು ಪುಟ ಮೊದಲ ಪಾಠದೊಳಗೇ ಇದ್ದಿದ್ದರೆ ನನ್ನ ದೂರುಗಳಲ್ಲಿ ಅರ್ಧದಷ್ಟು ಉಳಿಯುತ್ತಿರಲಿಲ್ಲ.

ವಿಷಯಕ್ಕೆ ಹೊಸಬರಾದವರು ಈ ಕೋರ್ಸೊಂದನ್ನೇ ನೆಚ್ಚಬಾರದು. ಇಸ್ರಾಯೇಲನ್ನೂ ಸಭೆಯನ್ನೂ ಒಂದೇ ದೇವಜನವೆಂದು ಕಾಣುವ ಒಡಂಬಡಿಕೆಯ ದೇವತಾಶಾಸ್ತ್ರವನ್ನು ಒಂದಿಷ್ಟು ಓದಿಕೊಂಡವರು ಎದುರು ಪಕ್ಷದ ವಾದವನ್ನು ಅದರ ಸಮರ್ಥಕರ ಬಾಯಿಂದಲೇ ಕೇಳಬೇಕೆಂದಿದ್ದರೆ ಧಾರಾಳವಾಗಿ ಸೇರಬಹುದು. ಆರು ಮತ್ತು ಏಳನೆಯ ಪಾಠಗಳ ಟಿಪ್ಪಣಿಗಳನ್ನು ನಾನು ನಮ್ಮ ಅಧ್ಯಯನದ ಗುಂಪಿನಲ್ಲಿ ಬಳಸುತ್ತಿದ್ದೇನೆ. ಕಾಲನಕ್ಷೆ ಸುರುಳಿ ಸುತ್ತಿದಂತೆಯೇ ಇದೆ.