ಟರಾವಾ ಕದನದ 1/72 ಮಾಡೆಲ್ ಕಿಟ್: ಪ್ಲಾಸ್ಟಿಕ್ ಚೆನ್ನ, ಗೋಡೆ ಗಿಡ್ಡ

ಟರಾವಾ ಎಂದರೆ ಎರಡನೇ ಮಹಾಯುದ್ಧದಲ್ಲಿ ಜಪಾನಿಯರ ಹಿಡಿತದಲ್ಲಿದ್ದ ಪೆಸಿಫಿಕ್ ಹವಳದ್ವೀಪ, ಅಮೆರಿಕದ ಮರೀನ್ ಪಡೆ ದಾಳಿಯಿಟ್ಟ ಜಾಗ. ಪೆಟ್ಟಿಗೆಯಲ್ಲಿರುವುದು ಎರಡು ಆಮ್‌ಟ್ರ್ಯಾಕ್ (ನೀರಲ್ಲೂ ನೆಲದಲ್ಲೂ ಓಡುವ ಸೇನಾ ಬಂಡಿ), ನಲವತ್ತು ಸೈನಿಕರು, ತೆಂಗಿನ ದಿಮ್ಮಿಯ ಗೋಡೆಯ ಎಂಟು ತುಂಡು, ಒಂದು ಬಂಕರ್, ಕಂದು ಬಣ್ಣದ ತಳಹಲಗೆ. ಅಚ್ಚು ಚೊಕ್ಕ. ಭಾಗಗಳು ಒಂದಕ್ಕೊಂದು ಸರಿಯಾಗಿ ಕೂರುತ್ತವೆ, ಅಂಚು ಕೆರೆಯುವ ಕೆಲಸ ಕಡಿಮೆ. ಸುಮ್ಮನೆ ಜೋಡಿಸಿ ಕಪಾಟಿನಲ್ಲಿಡುವವರಿಗೆ ಇಷ್ಟು ಸಾಕು. ಆದರೆ ಮುಚ್ಚಳದ ಮೇಲೆ ‘ಟರಾವಾ, ನವೆಂಬರ್ 1943’ ಎಂದು ಅಚ್ಚು ಹಾಕಿದ ಮೇಲೆ ಲೆಕ್ಕ ಕೇಳಲೇಬೇಕು.

ಮೊದಲ ತಪ್ಪು ಬಂಡಿಯದು. ಕೊಟ್ಟಿರುವುದು ಹಿಂಬದಿಗೆ ಇಳಿಜಾರು ಬಾಗಿಲಿರುವ ಎಲ್‌ವಿಟಿ-4 ಮಾದರಿಯ ಆಮ್‌ಟ್ರ್ಯಾಕ್. ಅದು ಯುದ್ಧಕ್ಕಿಳಿದದ್ದು 1944ರಲ್ಲಿ. ಕದನ ನಡೆದ ಟರಾವಾದ ಬೇಶಿಯೊ ದ್ವೀಪದಲ್ಲಿ ಅಮೆರಿಕದ 2ನೇ ಮರೀನ್ ಡಿವಿಷನ್ ಬಳಸಿದ 125 ಆಮ್‌ಟ್ರ್ಯಾಕ್‌ಗಳು ಎಲ್‌ವಿಟಿ-1 ಮತ್ತು 2. ಅವಕ್ಕೆ ಹಿಂಬಾಗಿಲೇ ಇಲ್ಲ. ಗುಂಡಿನ ಎದುರೇ ಪಕ್ಕದ ಅಂಚು ಹತ್ತಿ ಹಾರಬೇಕಿತ್ತು. ಬಾಗಿಲಿನ ಸಂದಿಗೆ ಪುಟ್ಟಿ ತುಂಬಿ, ಉಜ್ಜಿ, ಹಿಂಭಾಗಕ್ಕೆ 1 ಮಿ.ಮೀ. ಪ್ಲಾಸ್ಟಿಕ್ ಹಾಳೆಯಲ್ಲಿ ಎಂಜಿನ್ ಮುಚ್ಚಿಗೆ ಕಟ್ಟಿದರೆ ದೂರದಿಂದ ಎಲ್‌ವಿಟಿ-2 ಎನ್ನಬಹುದು. ಹತ್ತಿರದಿಂದ ಆಗದು. ಕೊಡಗಿನಲ್ಲಂತೂ ಕಾಫಿಗೆ ಬಂದ ನಿವೃತ್ತ ಸುಬೇದಾರರೊಬ್ಬರು ಹಿಡಿದೇ ಹಿಡಿಯುತ್ತಾರೆ.

ಗೋಡೆಯದು ಇನ್ನೂ ದೊಡ್ಡ ತಪ್ಪು. ಕಿಟ್‌ನ ಗೋಡೆ 9 ಮಿ.ಮೀ. ಎತ್ತರ, ಅಂದರೆ 72 ಪಟ್ಟು ಹಿಗ್ಗಿಸಿದರೆ 65 ಸೆಂ.ಮೀ., ಮೊಣಕಾಲಿಗಿಂತ ಸ್ವಲ್ಪ ಮೇಲೆ. ನಿಜವಾದದ್ದು ಸುಮಾರು ನಾಲ್ಕು ಅಡಿ. ದಡ ಸೇರಿದವರಿಗೆ ಅದೊಂದೇ ಮರೆ, ಬಂಡಿಗಳಿಗೆ ಅದೇ ಅಡ್ಡಿ. ಅಳತೆಯಲ್ಲಿ 17 ಮಿ.ಮೀ. ಬರಬೇಕು. ಕಿಟ್‌ನ ತುಂಡು ಬದಿಗಿಟ್ಟು, ತೋಟದಲ್ಲಿ ಗಿಡ ಸವರಿದಾಗ ಬಿದ್ದ ಕಾಫಿ ರೆಂಬೆಯನ್ನೇ ಬಳಸಿ: 4 ಮಿ.ಮೀ. ದಪ್ಪದವು, ನಾಲ್ಕು ಸಾಲು. ಮೊದಲು 100 ಡಿಗ್ರಿ ಓವನ್‌ನಲ್ಲಿ ಒಂದು ಗಂಟೆ ಒಣಗಿಸಬೇಕು, ಇಲ್ಲದಿದ್ದರೆ ರೊಬಸ್ಟಾ ರೆಂಬೆಯೊಳಗಿನ ಕೊರಕ ಹುಳು ಕೆಲಸ ಮುಂದುವರಿಸುತ್ತದೆ. ಅದು ಆಗಲೇ ಕೊರೆದ ತೂತು ಮುಚ್ಚಬೇಡಿ, ಗುಂಡು ಬಿದ್ದ ದಿಮ್ಮಿಯಂತೆಯೇ ಕಾಣುತ್ತದೆ.

ನೀರು ಕೊಟ್ಟೇ ಇಲ್ಲ, ಕದನದ ಜೀವಾಳವೇ ಅದು. ಆ ದಿನ ಸಮುದ್ರದ ಭರತ ಏರಲಿಲ್ಲ. ಸೈನಿಕರನ್ನು ದಡಕ್ಕೆ ಒಯ್ಯುವ ಹಿಗಿನ್ಸ್ ದೋಣಿ ತುಂಬಿದಾಗ ಅದಕ್ಕೆ ಸುಮಾರು ನಾಲ್ಕು ಅಡಿ ನೀರು ಬೇಕು. ಹವಳದ ದಿಬ್ಬದ ಮೇಲೆ ಇದ್ದದ್ದು ಮೂರು ಅಡಿ, ಕೆಲವೆಡೆ ಅದಕ್ಕೂ ಕಡಿಮೆ. ದೋಣಿಗಳು ಅಲ್ಲೇ ಸಿಕ್ಕಿಕೊಂಡವು, ಜನ ನೂರಾರು ಮೀಟರ್ ನೀರಿನಲ್ಲೇ ನಡೆದರು. ಅಳತೆಯಲ್ಲಿ 12 ಮಿ.ಮೀ. ಆಳ, ಸೈನಿಕನ ಸೊಂಟ. ಆದ್ದರಿಂದ ಓಡುವ ಭಂಗಿಯವರಲ್ಲಿ ಹತ್ತು ಮಂದಿಯನ್ನು ಸೊಂಟಕ್ಕೆ ಕತ್ತರಿಸಿ, ನೀರಿನ ಬದಲಿಗೆ ಹೊಯ್ದು ಒಣಗಿಸಿದ ರೆಸಿನ್ (ಗಟ್ಟಿಯಾಗುವ ಪಾರದರ್ಶಕ ದ್ರವ) ಮೇಲೆ ಅಂಟಿಸಿ. ರೆಸಿನ್ ಅನ್ನು 3 ಮಿ.ಮೀ.ಯಂತೆ ನಾಲ್ಕು ಪದರ ಹೊಯ್ಯಬೇಕು, ಪದರಕ್ಕೊಂದು ದಿನ. ಒಂದೇ ಸಲ ಸುರಿದರೆ ಬಿಸಿಯೇರಿ ಬಿರುಕು ಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ ಕಡೆ ಈ ಕೆಲಸಕ್ಕೆ ಕೈಹಾಕಬೇಡಿ: ತೇವಕ್ಕೆ ರೆಸಿನ್ ಮೇಲೆ ಬಿಳಿ ಪೊರೆ ಬರುತ್ತದೆ, ಮ್ಯಾಟ್ ವಾರ್ನಿಶ್ ಮಂಜು ಕವಿದಂತಾಗುತ್ತದೆ. ಡಿಸೆಂಬರ್‌ನಿಂದ ಮಾರ್ಚ್ ಸರಿ.

ತಳಹಲಗೆಯ ಕಂದು ಬಣ್ಣ ಯಾವ ಕಾಡಿನದೋ. ಬೇಶಿಯೊ ಬಿಳಿ ಹವಳದ ಮರಳು. ಎರಡು ಪಾಲು ಬಿಳಿ ರಂಗೋಲಿ ಪುಡಿಗೆ ಒಂದು ಪಾಲು ಬಿಳಿ ಅಂಟು ಕಲಸಿ ಬಳಿಯಿರಿ, ತೆಳುವಾಗಿ. ದಪ್ಪವಾದರೆ ಒಳಗೆ ಒಣಗದೆ ಬೂಷ್ಟು ಹಿಡಿಯುತ್ತದೆ. ಜಪಾನಿ ಸೈನಿಕರ ಹೆಲ್ಮೆಟ್ ಮೇಲಿನ ನಕ್ಷತ್ರ ಭೂಸೇನೆಯದು. ಅಲ್ಲಿದ್ದವರು ನೌಕಾಪಡೆಯವರು, ಲಂಗರಿನ ಗುರುತು ಬೇಕು.

ಇನ್ನೊಂದು ಕೊರತೆ: ಗೋಡೆಯ ಮರೆಗೆ ಬಗ್ಗಿ ಕೂತ ಭಂಗಿಯವರು ಪೆಟ್ಟಿಗೆಯಲ್ಲಿ ಮೂರೇ ಮಂದಿ. ಕೊಳ್ಳುವುದಾದರೆ ಬೇರೆ ಮರೀನ್ ಸೆಟ್ ಒಂದನ್ನೂ ಜೊತೆಗೇ ತರಿಸಿಕೊಳ್ಳಿ.